ಮುಚ್ಚಿದ ಶಾಲೆ, ತೆರೆದ ಜಗುಲಿ

ಶಾಲೆ ಎಂದರೆ ಅಕ್ಷರ ಕಲಿಸುವ ಜಾಗ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ದುಡಿದು ಉಣ್ಣುವ ಜನರ ಬೀದಿಗಳಲ್ಲಿ ಶಾಲೆಗೆ ಇನ್ನೂ ಎರಡು ಕೆಲಸಗಳಿವೆ. ತಂದೆ ತಾಯಿ ಇಬ್ಬರೂ ಕೂಲಿಗೆ ಹೋದ ಹೊತ್ತಿನಲ್ಲಿ ಮಗುವನ್ನು ಕಾಯುವುದು ಒಂದು. ಮಧ್ಯಾಹ್ನ ಅದರ ಹೊಟ್ಟೆಗೆ ಅನ್ನ ಹಾಕುವುದು ಇನ್ನೊಂದು. ಸಾಂಕ್ರಾಮಿಕ ರೋಗದ ದೆಸೆಯಿಂದ ಶಾಲೆಗೆ ಬೀಗ ಬಿದ್ದಾಗ ಈ ಮೂರೂ ಹೊರೆಗಳು ಒಮ್ಮೆಗೇ ಮನೆಯ ಮೇಲೆ ಬೀಳುತ್ತವೆ. ಆಗ ಆ ಮನೆಗೆ ಹೆಗಲು ಕೊಡುವವರು ಯಾರು? ಸರ್ಕಾರವೋ, ಕಂಪನಿಯೋ, ನೆಂಟರಿಷ್ಟರೋ, ನೆರೆಹೊರೆಯವರೋ? ಕಾಲಕಾಲಕ್ಕೆ ಈ ಪ್ರಶ್ನೆಗೆ ಸಿಕ್ಕ ಉತ್ತರ ಬೇರೆ ಬೇರೆ. ಕೋಲಾರದ ಚಿನ್ನದ ಗಣಿ ಪ್ರದೇಶದಂಥ ಒಂದು ಊರನ್ನು ಮುಂದಿಟ್ಟುಕೊಂಡು ಈ ಉತ್ತರಗಳನ್ನು ನೋಡಿದರೆ ನೂರಿಪ್ಪತ್ತು ವರ್ಷಗಳ ಸಾಮಾಜಿಕ ಚರಿತ್ರೆಯೇ ಕಣ್ಣಿಗೆ ಬೀಳುತ್ತದೆ.

ಗಣಿಯ ಊರು, ಪ್ಲೇಗಿನ ಕಾಲ

ಬಂಗಾರಪೇಟೆಯಿಂದ ಕವಲೊಡೆದು ಮಾರಿಕುಪ್ಪಂವರೆಗೆ ಸಾಗುವ ಪುಟ್ಟ ರೈಲು ಹಾದಿಯ ಮೇಲೆ ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳಿವೆ. ಒಂದು ಕಾಲಕ್ಕೆ ಇವೆಲ್ಲ ಗಣಿಗಳ ಹೆಸರುಗಳೇ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಮೇಲೆ ಬರಡು ನೆಲದಲ್ಲಿ ಊರೊಂದು ಎದ್ದಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಘಾಟ್ ಗಣಿಗಳಿಗೆ ಉತ್ತರ ಆರ್ಕಾಟ್, ಚಿತ್ತೂರು ಮೊದಲಾದ ಕಡೆಗಳಿಂದ ಕೂಲಿಕಾರರು ಬಂದರು. ಇವರಲ್ಲಿ ಬಹುಪಾಲು ಜನ ತಮಿಳು ಮಾತನಾಡುವ ದಲಿತ ಕುಟುಂಬಗಳವರು. 1901ರ ಜನಗಣತಿಯಲ್ಲಿ ಗಣಿ ಪ್ರದೇಶದ ಜನಸಂಖ್ಯೆ 38,204. ಜಿಲ್ಲಾ ಕೇಂದ್ರವಾದ ಕೋಲಾರ ಪಟ್ಟಣದಲ್ಲಿ ಆಗ ಇದ್ದದ್ದು 12,210 ಮಂದಿ. ಅಂದರೆ ಜಿಲ್ಲೆಯ ಹಳೆಯ ಪಟ್ಟಣಕ್ಕಿಂತ ಮೂರು ಪಟ್ಟು ಜನ ಹೊಸ ಊರಿನ ಲೈನ್ ಮನೆಗಳಲ್ಲಿ, ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದರು.

ಇಂಥ ಊರಿಗೆ ಪ್ಲೇಗು ಬಂದರೆ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ರೋಗ ಹುಬ್ಬಳ್ಳಿಯ ಮಾರ್ಗವಾಗಿ, ರೈಲು ಹಾದಿಯನ್ನೇ ಹಿಡಿದು, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಅಲ್ಲಿಂದ ಸಂಸ್ಥಾನದ ಇತರ ಊರುಗಳಿಗೂ ಚಿನ್ನದ ಗಣಿಗಳಿಗೂ ಹಬ್ಬಿತು. ಅದರ ಹಿಂದಿನ ವರ್ಷವಷ್ಟೇ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತ್ತು. ಆ ಕಾಲದ ಉಪಾಯಗಳು ಮೂರು: ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ರೋಗಿಗಳನ್ನು ಬೇರೆಯಿಡುವುದು, ಊರನ್ನೇ ತೆರವು ಮಾಡಿ ಬಯಲಿನ ಗುಡಿಸಲುಗಳಿಗೆ ಜನರನ್ನು ಸಾಗಿಸುವುದು. ಇಲಿ ಬಿದ್ದಿತೆಂದರೆ ಊರು ಬಿಡುವ ಪದ್ಧತಿ ಹಳೆಯ ಮೈಸೂರಿನ ಹಿರಿಯರ ನೆನಪಿನಲ್ಲಿ ಬಹುಕಾಲ ಉಳಿದಿತ್ತು.

ಊರು ಬಿಟ್ಟ ಮೇಲೆ ಶಾಲೆಯೂ ಮುಚ್ಚಲೇಬೇಕು. ಪ್ಲೇಗಿನ ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳು ಆಗಾಗ ಬಾಗಿಲು ಹಾಕಿದವು. ತೆರೆದ ಕಡೆಯೂ ಹಾಜರಾತಿ ಕುಸಿಯಿತು. ಆದರೆ ಗಣಿ ಕೂಲಿಗಳ ಮನೆಗಳಲ್ಲಿ ಈ ನಷ್ಟವನ್ನು ಅನುಭವಿಸಿದವರು ಕೆಲವರೇ. ಏಕೆಂದರೆ ಅವರ ಮಕ್ಕಳಲ್ಲಿ ಹೆಚ್ಚಿನವರು ಇನ್ನೂ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಶಾಸನ ಬಂದದ್ದು 1913ರಲ್ಲಿ, ಅದೂ ಮೊದಲಿಗೆ ಆಯ್ದ ಕೆಲವೆಡೆ ಮಾತ್ರ.

ಆಗ ಕುಟುಂಬಕ್ಕೆ ಸಿಕ್ಕ ಆಸರೆ ಯಾವುದು? ಗುಡಿಸಲು ಮತ್ತು ಔಷಧೋಪಚಾರಗಳ ವ್ಯವಸ್ಥೆ ಅಧಿಕಾರಿಗಳದು, ಕಂಪನಿಯದು. ಮಿಕ್ಕದ್ದೆಲ್ಲ ಬಂಧುಗಳದು. ದೂರದ ಹುಟ್ಟೂರಿನಲ್ಲಿ ಅಜ್ಜಿಯೋ ಸೋದರಮಾವನೋ ಇದ್ದ ಮನೆಯವರು ಮಕ್ಕಳನ್ನು ಅಲ್ಲಿಗೆ ಕಳಿಸಬಹುದಾಗಿತ್ತು. ಅಂಥ ಆಸರೆ ಇಲ್ಲದವರಿಗೆ ಬಯಲೇ ಗತಿ. ಗಣಿಗಳ ಸುತ್ತಲಿನ ಜನಸಂದಣಿಯನ್ನು ತಗ್ಗಿಸಲು ಸರ್ಕಾರ ಅದೇ ವರ್ಷಗಳಲ್ಲಿ ಅಚ್ಚುಕಟ್ಟಾದ ಬೀದಿಗಳ ಹೊಸ ಪೇಟೆಯೊಂದನ್ನು ನಿರ್ಮಿಸಿತು. ಅಂದಿನ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರಿನ ರಾಬರ್ಟ್‌ಸನ್‌ಪೇಟೆಯೇ ಅದು.

ಅಕ್ಷರದ ಹಸಿವು

ಇದೇ ಅವಧಿಯಲ್ಲಿ ಗಣಿ ಕಾರ್ಮಿಕರ ನಡುವೆ ಇನ್ನೊಂದು ಬೆಳವಣಿಗೆಯಾಯಿತು. ಪಂಡಿತ ಅಯೋತಿ ದಾಸರು 1898ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘದ ಶಾಖೆ ಕೆಲವೇ ವರ್ಷಗಳಲ್ಲಿ ಮಾರಿಕುಪ್ಪಂನಲ್ಲಿ ಬೇರೂರಿತು. ದಾಸರು 1914ರಲ್ಲಿ ತೀರಿಕೊಂಡ ಬಳಿಕ ಅವರ ಬರಹಗಳನ್ನು ಅಚ್ಚು ಹಾಕಿ ಉಳಿಸಿದ್ದರಲ್ಲಿ ಈ ಗಣಿ ಪ್ರದೇಶದ ಸಿದ್ಧಾರ್ಥ ಪುಸ್ತಕಶಾಲೆಯ ಪಾತ್ರ ದೊಡ್ಡದು. ಪಾಳಿಯ ಮೇಲೆ ನೆಲದಾಳಕ್ಕಿಳಿದು ಬಂದ ಕಾರ್ಮಿಕರು ಪತ್ರಿಕೆ ಓದುವ, ಓದಿಸಿ ಕೇಳುವ ಅಭ್ಯಾಸ ಬೆಳೆಸಿಕೊಂಡರು. ಮಿಷನರಿಗಳ ಶಾಲೆಗಳು, ಸರ್ಕಾರಿ ಶಾಲೆಗಳು ಒಂದೊಂದಾಗಿ ತೆರೆದಂತೆ ಮಕ್ಕಳನ್ನು ಶಾಲೆಗೆ ಹಾಕುವುದು ಇಲ್ಲಿನ ಮನೆಗಳಲ್ಲಿ ಮರ್ಯಾದೆಯ ಪ್ರಶ್ನೆಯಾಯಿತು. ತನ್ನ ಮಗ ಗಣಿಗೆ ಇಳಿಯಬಾರದು ಎಂಬುದೇ ಅನೇಕ ಗಣಿ ಕಾರ್ಮಿಕರ ಬಾಳಿನ ಗುರಿ. ಆದ್ದರಿಂದ ಮುಂದಿನ ಕಾಲದಲ್ಲಿ ಶಾಲೆ ಮುಚ್ಚಿದಾಗಲೆಲ್ಲ ಇಂಥ ಮನೆಗಳಿಗೆ ಆಗುವ ನಷ್ಟದ ತೂಕವೂ ಹೆಚ್ಚುತ್ತ ಹೋಯಿತು.

1918ರ ಜ್ವರ

ಮೊದಲ ಮಹಾಯುದ್ಧದ ಕೊನೆಯಲ್ಲಿ ಇನ್‌ಫ್ಲುಯೆಂಜಾ ಜಗತ್ತನ್ನು ಆವರಿಸಿತು. ಭಾರತವೊಂದರಲ್ಲೇ ಸತ್ತವರ ಸಂಖ್ಯೆ 1.2 ಕೋಟಿಯಿಂದ 1.8 ಕೋಟಿ ಎಂದು ವಿದ್ವಾಂಸರು ಅಂದಾಜು ಮಾಡುತ್ತಾರೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕೊನೆಯ ತಿಂಗಳುಗಳವು. ಆ ವರ್ಷ ಮಳೆಯೂ ಕೈಕೊಟ್ಟಿತ್ತು, ದವಸದ ಬೆಲೆ ಏರಿತ್ತು. ಮೈಸೂರು ಸಂಸ್ಥಾನದ ಜನಸಂಖ್ಯೆ 1911ರಲ್ಲಿ 58 ಲಕ್ಷದಷ್ಟಿದ್ದದ್ದು 1921ರಲ್ಲಿ 60 ಲಕ್ಷವನ್ನೂ ಮುಟ್ಟಲಿಲ್ಲ. ಹತ್ತು ವರ್ಷಗಳಲ್ಲಿ ಆದ ಹೆಚ್ಚಳ ನೂರಕ್ಕೆ ಮೂರು ಮಾತ್ರ. ಈ ಕುಂಠಿತ ಬೆಳವಣಿಗೆಗೆ ಇನ್‌ಫ್ಲುಯೆಂಜಾ ಮುಖ್ಯ ಕಾರಣ.

ಈ ಜ್ವರದ ಒಂದು ಲಕ್ಷಣ ಕುಟುಂಬಗಳ ಪಾಲಿಗೆ ಕ್ರೂರವಾಗಿತ್ತು. ಸಾಮಾನ್ಯವಾಗಿ ಜ್ವರಗಳು ಎಳೆಯ ಮಕ್ಕಳನ್ನೂ ಮುದುಕರನ್ನೂ ಬಲಿ ತೆಗೆದುಕೊಳ್ಳುತ್ತವೆ. ಇದು 20ರಿಂದ 40ರ ವಯಸ್ಸಿನ, ದುಡಿಯುವ ಗಂಡಸರು ಹೆಂಗಸರನ್ನೂ ಹೆಚ್ಚಾಗಿ ಕೊಂದಿತು. ಮನೆಯ ಒಲೆ ಹಚ್ಚುವವರೇ ಮಲಗಿದಾಗ ಮಕ್ಕಳಿಗೆ ಗಂಜಿ ಕಾಯಿಸಿ ಕೊಡುವವರೂ ಇಲ್ಲವಾದರು. ಬೆಂಗಳೂರಿನಲ್ಲಿ ಸ್ವಯಂಸೇವಕರ ತಂಡಗಳು ಬೀದಿ ಬೀದಿ ಸುತ್ತಿ ಔಷಧಿ, ಹಾಲು, ಗಂಜಿಗಳನ್ನು ಬಡವರ ಮನೆಗಳಿಗೆ ತಲುಪಿಸಿದರು. ಮನೆಬಾಗಿಲಿಗೆ ಹೋಗಿ ನೆರವು ನೀಡಬೇಕು ಎಂಬ ತಿಳಿವಳಿಕೆ ಹೀಗೆ ಅಂದೇ ಇತ್ತು. ಜ್ವರ ಇಳಿಯಿತು, ತಂಡಗಳೂ ಚದುರಿದವು. ಅವು ಮಾಡಿದ ಕೆಲಸ ಯಾವ ಕಾಯಿದೆಯಲ್ಲಿಯೂ ಸೇರಲಿಲ್ಲ.

ಅದೇ ಸಮಯದಲ್ಲಿ ಅಮೆರಿಕದಲ್ಲಿ ನಡೆದ ಒಂದು ವಾದ ಇಲ್ಲಿ ಸ್ಮರಣಾರ್ಹ. ಅಲ್ಲಿನ ಹೆಚ್ಚಿನ ನಗರಗಳು ಶಾಲೆಗಳನ್ನು ಮುಚ್ಚಿದವು. ನ್ಯೂಯಾರ್ಕ್, ಷಿಕಾಗೋಗಳಂಥ ಕೆಲವು ನಗರಗಳು ಮುಚ್ಚಲಿಲ್ಲ. ನ್ಯೂಯಾರ್ಕಿನ ಸುಮಾರು 10 ಲಕ್ಷ ಶಾಲಾ ಮಕ್ಕಳಲ್ಲಿ ಮುಕ್ಕಾಲು ಪಾಲು ಇಕ್ಕಟ್ಟಾದ ಬಾಡಿಗೆ ವಠಾರಗಳಲ್ಲಿ ಇದ್ದವರು. ಗಾಳಿ ಬೆಳಕಿಲ್ಲದ ಆ ಕೋಣೆಗಳಿಗಿಂತ ದಾದಿಯರ ಕಣ್ಗಾವಲಿರುವ ಶಾಲೆಯೇ ಮಕ್ಕಳಿಗೆ ಕ್ಷೇಮ ಎಂದು ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲೆಂಡ್ ಮತ್ತು ಶಿಶು ಆರೋಗ್ಯ ವಿಭಾಗದ ಮುಖ್ಯಸ್ಥೆ ಡಾ. ಜೋಸೆಫಿನ್ ಬೇಕರ್ ಹೇಳಿದರು. ಅಲ್ಲಿ ಶಾಲೆಗೊಬ್ಬ ದಾದಿಯನ್ನು ನೇಮಿಸುವ ಪದ್ಧತಿ ಮೊದಲೇ ಬೇರೂರಿದ್ದರಿಂದ ಈ ನಿರ್ಧಾರ ಸಾಧ್ಯವಾಯಿತು. ರೋಗ ಬಂದ ಮೇಲೆ ಹುಡುಕಾಡುವುದಕ್ಕೂ ಬರುವ ಮೊದಲೇ ಏರ್ಪಾಡು ಮಾಡಿಕೊಂಡಿರುವುದಕ್ಕೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ಗಾಳಿಯಲ್ಲಿ ಬಂದ ಪಾಠ

ಶಾಲೆ ಮುಚ್ಚಿದರೂ ಪಾಠವನ್ನು ಮನೆಗೆ ಕಳಿಸಬಹುದು ಎಂಬ ಪ್ರಯೋಗವೂ ಹಳೆಯದೇ. 1937ರ ಸೆಪ್ಟೆಂಬರ್‌ನಲ್ಲಿ ಷಿಕಾಗೋದಲ್ಲಿ ಪೋಲಿಯೊ ಹರಡಿದಾಗ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ರೇಡಿಯೊ ಮೂಲಕ ಪಾಠ ಹೇಳಲಾಯಿತು. ಒಂದೊಂದು ಪಾಠ ಹದಿನೈದು ನಿಮಿಷ. ವೇಳಾಪಟ್ಟಿಯನ್ನೂ ಪ್ರಶ್ನೆಗಳನ್ನೂ ಪತ್ರಿಕೆಗಳು ಅಚ್ಚು ಹಾಕಿದವು. ತಂದೆ ತಾಯಂದಿರ ಸಂದೇಹಗಳಿಗೆ ಶಿಕ್ಷಕರು ದೂರವಾಣಿಯಲ್ಲಿ ಉತ್ತರ ಕೊಟ್ಟರು. ರೇಡಿಯೊ ಇಲ್ಲದ ಮನೆಯ ಮಕ್ಕಳೂ ಓದಿನಲ್ಲಿ ಹಿಂದುಳಿದ ಮಕ್ಕಳೂ ಇದರಿಂದ ವಂಚಿತರಾದರು ಎಂಬ ದೂರು ಅಂದೇ ಕೇಳಿಬಂದಿತ್ತು.

ಕರ್ನಾಟಕಕ್ಕೂ ಇಂಥ ಒಂದು ಅನುಭವ ಇದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಟಿ.ವಿ. ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಸೇರಿದ್ದವು. ನಮ್ಮಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಆ ಯೋಗ ಒದಗಿತು. ಅದು ರೋಗದ ಕಾಲದ ಏರ್ಪಾಡಾಗಿರಲಿಲ್ಲ. ಆದರೂ ಅದರ ರೀತಿ ಗಮನಾರ್ಹ: ಊರಿಗೊಂದೇ ಟಿ.ವಿ., ಅದನ್ನು ಎಲ್ಲರೂ ಕೂಡಿ ನೋಡಬೇಕು. ಮನೆಯಲ್ಲಿ ಯಂತ್ರ ಇದೆಯೇ ಇಲ್ಲವೇ ಎಂಬುದರ ಮೇಲೆ ಮಗುವಿನ ಪಾಠ ನಿಂತಿರಲಿಲ್ಲ.

ಗಣಿ ಮುಚ್ಚಿತು, ಬಿಸಿಯೂಟ ಬಂತು

ಚಿನ್ನದ ಗಣಿಗಳು 1956ರಲ್ಲಿ ಮೈಸೂರು ರಾಜ್ಯ ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಕಂಪನಿಯ ಮನೆ, ಕಂಪನಿಯ ನೀರು, ಕಂಪನಿಯ ಆಸ್ಪತ್ರೆ: ಕಾರ್ಮಿಕನ ಬದುಕು ತೊಟ್ಟಿಲಿನಿಂದ ಸ್ಮಶಾನದವರೆಗೆ ಅದರ ಸುತ್ತಲೇ ಸುತ್ತುತ್ತಿತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಸೇರಿದಂತೆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಂದಿನಿಂದ ಈ ಊರಿನ ಜೀವನಾಡಿ ರೈಲು. ಬೆಳಗಿನ ಜಾವ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂಗಳಿಂದ ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ, ದಿನವಿಡೀ ದುಡಿದು, ರಾತ್ರಿ ಮರಳುವುದು ಸಾವಿರಾರು ಜನರ ದಿನಚರಿಯಾಯಿತು. ಮನೆಯಲ್ಲಿ ದೊಡ್ಡವರು ಇಲ್ಲದ ಆ ಉದ್ದನೆಯ ಹಗಲಿನಲ್ಲಿ ಮಕ್ಕಳನ್ನು ಕಾಯುವ ಹೊಣೆಯ ದೊಡ್ಡ ಪಾಲು ಶಾಲೆಯ ಹೆಗಲಿಗೆ ಬಂತು.

ಕಾಕತಾಳೀಯವೆಂಬಂತೆ, ಗಣಿ ಮುಚ್ಚಿದ ವರ್ಷದಲ್ಲಿಯೇ, ನವೆಂಬರ್ 28ರಂದು, ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತು. ಮದರಾಸು ನಗರದ ಕಾರ್ಪೊರೇಷನ್ 1920ರಲ್ಲೇ ಆರಂಭಿಸಿದ, ಮುಂದೆ ಕಾಮರಾಜರೂ ಎಂ.ಜಿ. ರಾಮಚಂದ್ರನ್ ಅವರೂ ತಮಿಳುನಾಡಿನಲ್ಲಿ ವಿಸ್ತರಿಸಿದ ಯೋಜನೆ ಈಗ ದೇಶದ ಮಕ್ಕಳ ಹಕ್ಕಾಯಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಕೋಲಾರವೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ಹಬ್ಬಿತು. 2013ರ ಆಗಸ್ಟ್‌ನಿಂದ ‘ಕ್ಷೀರಭಾಗ್ಯ’ದ ಹಾಲೂ ಜೊತೆಗೂಡಿತು.

ಈ ಹಕ್ಕಿನ ಲೆಕ್ಕಾಚಾರ ಸರಳ. ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ. ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಇರಬೇಕು. ಹಿರಿಯ ಪ್ರಾಥಮಿಕಕ್ಕೆ 150 ಗ್ರಾಂ ಧಾನ್ಯ, 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. 2013ರ ಆಹಾರ ಭದ್ರತಾ ಕಾಯಿದೆಯ ಅಡಿಯಲ್ಲಿ 2015ರಲ್ಲಿ ರೂಪಿಸಿದ ನಿಯಮಗಳಲ್ಲಿ ಒಂದು ಮಹತ್ವದ ಅಂಶ ಸೇರಿತು. ಶಾಲೆಯ ದಿನದಂದು ಯಾವುದೇ ಕಾರಣಕ್ಕೆ ಊಟ ಕೊಡಲು ಆಗದಿದ್ದರೆ ಅದಕ್ಕೆ ಬದಲಾಗಿ ಧಾನ್ಯವನ್ನೂ ಅಡುಗೆಯ ವೆಚ್ಚವನ್ನೂ ಆಹಾರ ಭದ್ರತಾ ಭತ್ಯೆಯಾಗಿ ಮುಂದಿನ ತಿಂಗಳ 15ರೊಳಗೆ ಕೊಡಬೇಕು. ಈ ನಿಯಮ ಬರೆದವರು ಜಾಗತಿಕ ಮಹಾಮಾರಿಯನ್ನು ಊಹಿಸಿದ್ದರೋ ಇಲ್ಲವೋ, ಐದು ವರ್ಷಗಳಲ್ಲಿ ಅದರ ಉಪಯೋಗ ಬಂತು.

2020: ಮೂರು ಹೊರೆಗಳು ಒಮ್ಮೆಗೇ

ಕೋವಿಡ್ ಕಾರಣದಿಂದ 2020ರ ಮಾರ್ಚ್ ಮಧ್ಯದ ಹೊತ್ತಿಗೆ ಕರ್ನಾಟಕದ ಶಾಲೆಗಳು ಮುಚ್ಚಿದವು. ಇದಕ್ಕೂ ಆಧಾರವಾದದ್ದು ಅದೇ 1897ರ ಕಾಯಿದೆ. ಮಾರ್ಚ್ 22ರಿಂದ ಪ್ರಯಾಣಿಕರ ರೈಲುಗಳು ನಿಂತವು. ಬೇರೆ ಊರುಗಳಲ್ಲಿ ರೈಲು ನಿಂತರೆ ಪ್ರಯಾಣಕ್ಕೆ ತೊಂದರೆ, ಕೆ.ಜಿ.ಎಫ್‌ನಲ್ಲಿ ರೈಲು ನಿಂತರೆ ಸಂಬಳಕ್ಕೇ ಕುತ್ತು. ಆದಾಯ ನಿಂತ ಮನೆಯಲ್ಲಿ ಶಾಲೆಯ ಊಟವೂ ತಪ್ಪಿತು, ಪಾಠವೂ ನಿಂತಿತು. ಆ ವರ್ಷ ಜಗತ್ತಿನಾದ್ಯಂತ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಶಾಲೆ ಕಾಲೇಜುಗಳಿಂದ ಹೊರಗುಳಿದರೆಂದು ಯುನೆಸ್ಕೊ ಲೆಕ್ಕ ಹೇಳುತ್ತದೆ.

ಮೊದಲು ಊಟದ ಮಾತು. ಮಾರ್ಚ್ 18ರಂದೇ ಸುಪ್ರೀಂ ಕೋರ್ಟು ತಾನಾಗಿ ವಿಷಯವನ್ನು ಕೈಗೆತ್ತಿಕೊಂಡು, ಮುಚ್ಚಿದ ಶಾಲೆಗಳ ಮಕ್ಕಳಿಗೆ ಊಟ ಹೇಗೆ ಮುಟ್ಟಿಸುತ್ತೀರಿ ಎಂದು ರಾಜ್ಯಗಳನ್ನು ಕೇಳಿತು. ಕರ್ನಾಟಕದಲ್ಲಿ ಬಿಸಿಯೂಟದ ಬದಲು ಅಕ್ಕಿ, ಗೋಧಿ, ತೊಗರಿಬೇಳೆಗಳನ್ನು ಮನೆಯವರಿಗೆ ಹಂಚುವ ಏರ್ಪಾಡಾಯಿತು. ತಿಂಗಳಿಗೆ 25 ದಿನ ಎಂದು ಹಿಡಿದರೆ ಒಂದು ಪ್ರಾಥಮಿಕ ಶಾಲೆಯ ಮಗುವಿಗೆ ಎರಡೂವರೆ ಕಿಲೋ ಧಾನ್ಯ. ಕೆಲವೊಮ್ಮೆ ಹಲವು ತಿಂಗಳ ಬಾಬ್ತು ಒಟ್ಟುಗೂಡಿ ತಡವಾಗಿ ಬಂದದ್ದೂ ಉಂಟು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶಾಲೆಯಲ್ಲಿ ಬಡಿಸಿದ ಊಟ ಮಗುವಿನ ತಟ್ಟೆಗೇ ಬೀಳುತ್ತದೆ. ಮನೆಗೆ ಬಂದ ಅಕ್ಕಿ ಮನೆಯ ಪಾತ್ರೆಗೆ ಬೀಳುತ್ತದೆ, ಮನೆಮಂದಿಯೆಲ್ಲ ಹಂಚಿ ಉಣ್ಣುತ್ತಾರೆ. ತರಕಾರಿ, ಹಾಲುಗಳ ಕೊರತೆ ಹಾಗೆಯೇ ಉಳಿಯುತ್ತದೆ. ಆದರೂ ಈ ಅಕ್ಕಿ ದಾನವಾಗಿ ಬಂದದ್ದಲ್ಲ. ಅದು ತಡವಾದಾಗ ‘ಏಕೆ ಬರಲಿಲ್ಲ’ ಎಂದು ಕೇಳುವ ಅಧಿಕಾರ ತಾಯಂದಿರಿಗಿತ್ತು. 1918ರ ಗಂಜಿಯ ವಿಷಯದಲ್ಲಿ ಯಾರಿಗೂ ಆ ಅಧಿಕಾರ ಇರಲಿಲ್ಲ.

ಪಡಿತರ ಅಂಗಡಿಯಲ್ಲಿ 2020ರ ಏಪ್ರಿಲ್‌ನಿಂದ ತಲೆಗೆ ಐದು ಕಿಲೋ ಹೆಚ್ಚುವರಿ ಧಾನ್ಯ ಉಚಿತವಾಗಿ ಸಿಗತೊಡಗಿದ್ದು ಮನೆಗಳಿಗೆ ಇನ್ನೊಂದು ಆಸರೆ. ಅಂಗನವಾಡಿ ಕಾರ್ಯಕರ್ತೆಯರು ಪುಟ್ಟ ಮಕ್ಕಳ ಹಾಗೂ ಬಾಣಂತಿಯರ ಪಾಲಿನ ಆಹಾರ ಪದಾರ್ಥಗಳನ್ನು ಮನೆಗಳಿಗೇ ಒಯ್ದು ಕೊಟ್ಟರು.

ಇನ್ನು ಪಾಠದ ಮಾತು. ಜುಲೈ 2020ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಹೆಸರಿನಲ್ಲಿ ಪ್ರೌಢಶಾಲಾ ಪಾಠಗಳು ಆರಂಭವಾದವು. ಷಿಕಾಗೋದ ರೇಡಿಯೊ ಪಾಠದ ಮೊಮ್ಮಗು ಎಂದು ಇದನ್ನು ಕರೆಯಬಹುದು. ಅದರ ಇತಿಮಿತಿಯೂ ಅದೇ: ಪಾಠ ಬಂದು ಹೋಗುತ್ತದೆ, ಮಗು ಎಲ್ಲಿ ಎಡವಿತು ಎಂದು ಕೇಳುವವರಿಲ್ಲ. ಮೊಬೈಲ್ ಪಾಠದ ಸಮಸ್ಯೆ ಇನ್ನೊಂದು ಬಗೆಯದು. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನು ಇದ್ದು ಅದು ದುಡಿಯಲು ಹೋದವರ ಜೇಬಿನಲ್ಲಿದ್ದರೆ, ಮಗುವಿನ ತರಗತಿ ಶುರುವಾಗುವುದು ಅವರು ಮನೆಗೆ ಬಂದ ಮೇಲೆ. ಚಾಂಪಿಯನ್ ರೀಫ್ಸ್‌ನಂಥ ಕಡೆ ಭಾಷೆಯ ತೊಡಕೂ ಉಂಟು. ಮನೆಮಾತು ತಮಿಳು, ಪಾಠದ ಭಾಷೆ ಕನ್ನಡ ಅಥವಾ ಇಂಗ್ಲಿಷ್. ಅಂಥ ಮನೆಯ ಅಜ್ಜಿ ಎಷ್ಟೇ ಅಕ್ಕರೆಯಿಂದ ಪಕ್ಕದಲ್ಲಿ ಕುಳಿತರೂ ಪುಸ್ತಕ ಓದಿ ಹೇಳಿಕೊಡಲಾರಳು. ಶಿಕ್ಷಕರೇ ಎದುರಿಗಿರಬೇಕು.

ಜಗುಲಿಗೆ ಬಂದ ಶಾಲೆ

ಈ ಕೊರತೆಯನ್ನು ಅರಿತು ರೂಪಿಸಿದ ಕಾರ್ಯಕ್ರಮವೇ ‘ವಿದ್ಯಾಗಮ’. ಎಸ್. ಸುರೇಶ್ ಕುಮಾರ್ ಶಿಕ್ಷಣ ಸಚಿವರಾಗಿದ್ದಾಗ 2020ರ ಆಗಸ್ಟ್‌ನಲ್ಲಿ ಇದು ಶುರುವಾಯಿತು. ಮಕ್ಕಳನ್ನು ಮೂರು ಗುಂಪು ಮಾಡಲಾಯಿತು: ಇಂಟರ್‌ನೆಟ್ ಸಹಿತ ಫೋನು ಅಥವಾ ಕಂಪ್ಯೂಟರು ಇರುವವರು, ಇಂಟರ್‌ನೆಟ್ ಇಲ್ಲದ ಬರೀ ಫೋನು ಇರುವವರು, ಏನೂ ಇಲ್ಲದವರು. ಒಂದು ಬಡಾವಣೆಯ ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕರು ಮಾರ್ಗದರ್ಶಿ. ಗುಡಿಯ ಪ್ರಾಂಗಣ, ಸಮುದಾಯ ಭವನ, ಮನೆಯ ಜಗುಲಿ, ಮರದ ನೆರಳು, ಹೀಗೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಪಾಠ. ಜನ ಇದನ್ನು ‘ವಠಾರ ಶಾಲೆ’ ಎಂದು ಕರೆದರು. ಪಾಠದ ಜೊತೆಗೆ ಶಿಕ್ಷಕರು ಮನೆಯ ಸ್ಥಿತಿಯನ್ನೂ ಕಣ್ಣಾರೆ ಕಂಡರು. ಯಾವ ಮನೆಯಲ್ಲಿ ಕೂಲಿ ನಿಂತಿದೆ, ಯಾವ ಹುಡುಗ ಕೆಲಸಕ್ಕೆ ಸೇರಿದ್ದಾನೆ, ಯಾವ ಹುಡುಗಿಗೆ ಮದುವೆಯ ಮಾತು ನಡೆದಿದೆ ಎಂಬ ಸಂಗತಿಗಳು ಜಗುಲಿಯ ಮೇಲೆ ಕುಳಿತವರಿಗೆ ತಿಳಿಯುತ್ತವೆ. ಟಿ.ವಿ. ಪರದೆಗೆ ತಿಳಿಯುವುದಿಲ್ಲ.

ಆದರೆ ವಠಾರ ಶಾಲೆ ಹೆಚ್ಚು ದಿನ ನಡೆಯಲಿಲ್ಲ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ, ಶಿಕ್ಷಕರು ಸತ್ತ ವರದಿಗಳು ಬಂದು ಅಕ್ಟೋಬರ್ 10ರಂದು ಅದನ್ನು ನಿಲ್ಲಿಸಲಾಯಿತು. ಲಸಿಕೆ ಇನ್ನೂ ಬಂದಿರದ ದಿನಗಳವು. ಮಕ್ಕಳ ಕಲಿಕೆಗಾಗಿ ಶಿಕ್ಷಕರ ಜೀವವನ್ನು ಎಷ್ಟರಮಟ್ಟಿಗೆ ಅಪಾಯಕ್ಕೆ ಒಡ್ಡಬಹುದು ಎಂಬ ಪ್ರಶ್ನೆಗೆ ಸುಲಭದ ಉತ್ತರ ಇರಲಿಲ್ಲ. 2021ರ ಜನವರಿಯಲ್ಲಿ ಪರಿಷ್ಕೃತ ರೂಪದಲ್ಲಿ ವಿದ್ಯಾಗಮ ಶಾಲೆಯ ಆವರಣಕ್ಕೆ ಮರಳಿತು. ಏಪ್ರಿಲ್ ವೇಳೆಗೆ ಎರಡನೇ ಅಲೆ ಎದ್ದು ಮತ್ತೆ ಎಲ್ಲವೂ ಮುಚ್ಚಿತು.

ಆ ಎರಡನೇ ಅಲೆಯಲ್ಲಿ ಚಾಂಪಿಯನ್ ರೀಫ್ಸ್ ರಾಜ್ಯದ ಗಮನ ಸೆಳೆಯಿತು. ಗಣಿಯ ಜೊತೆಗೇ ಮುಚ್ಚಿ 20 ವರ್ಷ ಪಾಳು ಬಿದ್ದಿದ್ದ ಗಣಿ ಸಂಸ್ಥೆಯ ಆಸ್ಪತ್ರೆಯನ್ನು ಸ್ಥಳೀಯ ಸ್ವಯಂಸೇವಕರು ಕಸ ಗುಡಿಸಿ, ಗೋಡೆ ತೊಳೆದು, ಕೋವಿಡ್ ರೋಗಿಗಳಿಗೆ ಸಜ್ಜುಗೊಳಿಸಿದರು. ಕಂಪನಿ ಹೋದ ಮೇಲೂ ಅದು ಬೆಳೆಸಿದ ಒಗ್ಗಟ್ಟು ಊರಿನಲ್ಲಿ ಉಳಿದಿತ್ತು ಎಂಬುದಕ್ಕೆ ಇದು ಸಾಕ್ಷಿ.

ತಂದೆ ತಾಯಿ ಇಬ್ಬರನ್ನೂ ಕೋವಿಡ್‌ಗೆ ಕಳೆದುಕೊಂಡ ಮಕ್ಕಳಿಗಾಗಿ 2021ರ ಮೇ 29ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬಾಲ ಸೇವಾ ಯೋಜನೆಯನ್ನು ಪ್ರಕಟಿಸಿದರು. ಮಗುವನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 3,500 ರೂಪಾಯಿ. ಖಾಸಗಿ ಶಾಲೆಗಳು ಬೋಧನಾ ಶುಲ್ಕದ ನೂರಕ್ಕೆ 70ರಷ್ಟನ್ನು ಮಾತ್ರ ಪಡೆಯಬೇಕೆಂದು ಸರ್ಕಾರ ಅದೇ ವರ್ಷದ ಜನವರಿಯಲ್ಲಿ ಆದೇಶಿಸಿತ್ತು. ಶಾಲೆಗಳು ನ್ಯಾಯಾಲಯಕ್ಕೆ ಹೋದವು. ಕೊನೆಗೆ ನೂರಕ್ಕೆ 15ರ ರಿಯಾಯಿತಿ ನಿಂತಿತು. ಶುಲ್ಕ ಕಟ್ಟಲಾಗದ ಅನೇಕ ಮನೆಯವರು ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿದರು. ಸಂಕಟದಲ್ಲಿ ನೆಚ್ಚಲು ಉಳಿದದ್ದು ಆ ಬಾಗಿಲೇ.

ಉಳಿದ ಸಾಲ

ಒಂಬತ್ತನೇ ತರಗತಿಯಿಂದ ಮೇಲಿನವರಿಗೆ 2021ರ ಆಗಸ್ಟ್ 23ರಂದು, ಆರರಿಂದ ಎಂಟನೆಯವರಿಗೆ ಸೆಪ್ಟೆಂಬರ್ 6ರಂದು, ಒಂದರಿಂದ ಐದನೆಯವರಿಗೆ ಅಕ್ಟೋಬರ್ 25ರಂದು ಶಾಲೆಗಳು ತೆರೆದವು. ಅಂದರೆ ಅತಿ ಚಿಕ್ಕ ಮಕ್ಕಳೇ ಅತಿ ಹೆಚ್ಚು ಕಾಲ, ಹತ್ತೊಂಬತ್ತು ತಿಂಗಳು, ಹೊರಗುಳಿದರು. ಒಂದನೇ ತರಗತಿಗೆ ಸೇರಬೇಕಾಗಿದ್ದ ಮಗು ಶಾಲೆಯ ಒಳಗನ್ನು ಕಾಣದೆಯೇ ಎರಡನೇ ತರಗತಿಗೆ ಬಂದಿತ್ತು.

ಇದರ ಫಲ ಏನಾಯಿತೆಂದು ಅಳೆದವರಿದ್ದಾರೆ. ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಅಜೀಂ ಪ್ರೇಮ್‌ಜಿ ಫೌಂಡೇಷನ್ 2021ರ ಆರಂಭದಲ್ಲಿ ಪರೀಕ್ಷಿಸಿದಾಗ, ನೂರಕ್ಕೆ 92 ಮಕ್ಕಳು ಹಿಂದೆ ಕಲಿತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ, ನೂರಕ್ಕೆ 82 ಮಕ್ಕಳು ಗಣಿತದ ಒಂದು ಸಾಮರ್ಥ್ಯವನ್ನಾದರೂ ಮರೆತಿದ್ದರು. ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕರ್ನಾಟಕದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 19 ಇದ್ದರೆ, 2022ರಲ್ಲಿ ಹತ್ತಕ್ಕೂ ಕಡಿಮೆ. ಸರ್ಕಾರ 2022-23ನೇ ಸಾಲನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಘೋಷಿಸಿ ವಿಶೇಷ ಹಾಳೆಗಳೊಂದಿಗೆ ಪಾಠ ನಡೆಸಿತು. ಆದರೆ ಹತ್ತೊಂಬತ್ತು ತಿಂಗಳ ನಷ್ಟವನ್ನು ಒಂದೇ ವರ್ಷದ ಹಾಳೆಗಳು ತುಂಬಿಕೊಡುತ್ತವೆ ಎಂದು ನಂಬುವುದು ಕಷ್ಟ.

ಈ ಮೂರು ಸಾಂಕ್ರಾಮಿಕಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಪ್ಲೇಗಿನ ಕಾಲದಲ್ಲಿ ಕುಟುಂಬಕ್ಕೆ ಬಂಧುಗಳೇ ಆಸರೆ, 1918ರಲ್ಲಿ ದಯಾಳುಗಳ ಸೇವೆ, 2020ರಲ್ಲಿ ಭಾಗಶಃ ಕಾನೂನು. ಊಟದ ವಿಷಯದಲ್ಲಿ ಬರವಣಿಗೆಯಲ್ಲಿದ್ದ ನಿಯಮ ಇದ್ದುದರಿಂದ, ತಡವಾಗಿಯಾದರೂ, ಕೊರತೆಗಳೊಂದಿಗಾದರೂ, ಅಕ್ಕಿ ಬೇಳೆ ಮನೆ ಸೇರಿತು. ಕಲಿಕೆಯ ವಿಷಯದಲ್ಲಿ ಅಂಥ ನಿಯಮ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗೆ ಕೊಠಡಿ ಎಷ್ಟಿರಬೇಕು, ವರ್ಷಕ್ಕೆ ಎಷ್ಟು ದಿನ ಪಾಠ ನಡೆಯಬೇಕು ಎಂದೆಲ್ಲ ಹೇಳುತ್ತದೆ. ಆ ದಿನಗಳು ಕಳೆದುಹೋದರೆ ಮಗುವಿಗೆ ಏನು ಸಲ್ಲಬೇಕೆಂದು ಹೇಳುವುದಿಲ್ಲ. ಹೀಗಾಗಿ ಪಾಠ ಅವರವರ ಮನೆಯ ಅನುಕೂಲಕ್ಕೆ ಬಿಟ್ಟ ವಿಷಯವಾಯಿತು. ಮಗುವನ್ನು ಕಾಯುವ ಹೊಣೆಯ ಬಗ್ಗೆಯಂತೂ ಯಾರೂ ಮಾತನಾಡಲಿಲ್ಲ. ಅದು ಸದ್ದಿಲ್ಲದೆ ಅಕ್ಕಂದಿರ, ಅಜ್ಜಿಯರ ಪಾಲಿಗೆ ಬಂತು.

ರೋಗಗಳು ಮರಳಿ ಬರುವುದಿಲ್ಲ ಎಂದು ಯಾವ ವೈದ್ಯರೂ ಭರವಸೆ ಕೊಡಲಾರರು. ಒಂದು ಬೀದಿಯ ಇಪ್ಪತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬ ವಿದ್ಯಾಗಮದ ಪಟ್ಟಿಗಳು, ಪಾಠಕ್ಕೆ ಒದಗಿದ ಜಗುಲಿ ಮತ್ತು ಭವನಗಳ ವಿವರ, ಫೋನಿಲ್ಲದ ಮನೆಗಳ ಲೆಕ್ಕ, ಇವೆಲ್ಲ 2020ರಲ್ಲಿ ಶಿಕ್ಷಕರು ಮನೆ ಮನೆ ಅಲೆದು, ಕೆಲವರು ಪ್ರಾಣವನ್ನೇ ತೆತ್ತು ಕಲೆಹಾಕಿದ ತಿಳಿವಳಿಕೆ. ಇದನ್ನು ಪ್ರತಿ ಶಾಲೆಯ ದಾಖಲೆಯಲ್ಲಿ ಉಳಿಸಿ ವರ್ಷ ವರ್ಷ ತಿದ್ದುತ್ತ ಹೋಗಲು ದೊಡ್ಡ ಖರ್ಚೇನೂ ಬೇಡ. 1918ರ ಸ್ವಯಂಸೇವಕರ ಅನುಭವವನ್ನು ಬರೆದಿಟ್ಟು ಏರ್ಪಾಡಾಗಿ ಉಳಿಸಿಕೊಳ್ಳದ ಕಾರಣ, ನೂರು ವರ್ಷಗಳ ನಂತರ ಮನೆಬಾಗಿಲಿನ ನೆರವನ್ನು ಹೊಸದಾಗಿ ಕಂಡುಹಿಡಿಯಬೇಕಾಯಿತು. ಹತ್ತೊಂಬತ್ತು ತಿಂಗಳು ಶಾಲೆ ಕಾಣದೆ ಬೆಳೆದ ಮಕ್ಕಳು ಈಗಲೂ ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಅವರಿಗೆ ಸಲ್ಲಬೇಕಾದ ಪಾಠದ ಬಾಕಿಯನ್ನು ಸಲ್ಲಿಸುವುದು ಒಂದು ಹೊಣೆ. ಅವರ ತಮ್ಮ ತಂಗಿಯರಿಗೆ ಅದೇ ಗತಿ ಬಾರದಂತೆ ನೋಡಿಕೊಳ್ಳುವುದು ಇನ್ನೊಂದು.